ಮೊದಲು ಅಳತೆ, ಆಮೇಲೆ ಅಪ್‌ಗ್ರೇಡ್

ಹಾಸ್ಟೆಲ್‌ನಲ್ಲಿ ಸ್ಪೀಕರ್ ವಿಷಯ ಬಂತು ಅಂದ್ರೆ ಮಾತು ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ನಮಗೆಲ್ಲ ಗೊತ್ತು. "ಒಳಗಿನ ಕ್ರಾಸ್‌ಓವರ್‌ ಕೆಪಾಸಿಟರ್ ಕಿತ್ತು ಒಳ್ಳೇದು ಹಾಕು, ಸೌಂಡ್ ಎಲ್ಲಿಗೋ ಹೋಗತ್ತೆ." ಒಳ್ಳೇದು ಅಂದ್ರೆ ಯಾವುದು? ಜರ್ಮನಿಯ ಮುಂಡಾರ್ಫ್, ಡೆನ್ಮಾರ್ಕಿನ ಯಾಂಟ್ಸೆನ್ ಅಂತ ಹೆಸರುಗಳು ಬರ್ತವೆ. ಅವುಗಳ ಮೇಲಿನ ಸಾಲಿನ ಮಾಲಿಗೆ ಒಂದೊಂದಕ್ಕೆ ಸಾವಿರಾರು ರೂಪಾಯಿ. ಮನೆಯಲ್ಲಿರೋ ಎರಡು ಡಬ್ಬಿ ಸೇರಿಸಿ ಗುಜರಿಗೆ ಹಾಕಿದರೂ ಅಷ್ಟು ಬರಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀವಿ. ಕ್ರಾಸ್‌ಓವರ್ ಬಿಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರ್ಸ್ ಬಿಚ್ಚೋ ಮುಂಚೆ ಲ್ಯಾಬಿನ ಎಲ್‌ಸಿಆರ್ ಮೀಟರ್ ತೆಗೀಬೇಕು. ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ ಅಂತ ಗೊತ್ತಿಲ್ಲದೆ ಬಿಡಿಭಾಗ ಬದಲಾಯಿಸೋದು ಅಪ್‌ಗ್ರೇಡ್ ಅಲ್ಲ, ಬರೀ ಖರೀದಿ.

ಇದು ಶ್ರೀಮಂತರ ಹವ್ಯಾಸದ ಚರ್ಚೆ, ನಮಗ್ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಬಹಳ ಜನ ಹಳಿಯಾಳ, ದಾಂಡೇಲಿ, ಮುಂಡಗೋಡ, ಜೋಯಿಡಾ ಕಡೆಯವರು. ಕುಂಬಾರವಾಡ, ಉಳವಿ ಸುತ್ತಲಿನ ಹಳ್ಳಿಗಳಿಂದ ಬಂದವರೂ ಇದ್ದಾರೆ. ರಜೆಗೆ ಊರಿಗೆ ಹೋದಾಗ ನಮಗೆ ಎದುರಾಗೋ ಪ್ರಶ್ನೆಪತ್ರಿಕೆ ಯೂನಿವರ್ಸಿಟಿಯದಲ್ಲ. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ ತಮ್ಮಾ, ಈ ಸ್ಪೀಕರ್ ಯಾಕೆ ಹಿಂಗೆ ಗೊರಗೊರ ಅಂತದೆ ನೋಡು." ಆ ಡಬ್ಬಿ ಹತ್ತಿಪ್ಪತ್ತು ವರ್ಷದ ಹಿಂದೆ ಮನೆಯವರು ದುಡ್ಡು ಕೂಡಿಸಿ ತಂದದ್ದು. ಬೆಳಿಗ್ಗೆ ಭಜನೆ, ಹಬ್ಬಕ್ಕೆ ಹಾಡು, ಮದುವೆಗೆ ಮನೆ ತುಂಬಾ ಗದ್ದಲ, ಎಲ್ಲ ಅದರದ್ದೇ. ಹತ್ತಿರದಲ್ಲಿ ರಿಪೇರಿ ಅಂಗಡಿ ಇಲ್ಲ. ನಾವು ಕೈ ಚೆಲ್ಲಿದರೆ ಅದರ ಮುಂದಿನ ದಾರಿ ಗುಜರಿ ಗಾಡಿ. ಆದ್ದರಿಂದ ಇದು ನಮ್ಮ ವಿಷಯವೇ.

ಕವಲು ದಾರಿ

ಕ್ರಾಸ್‌ಓವರ್ ಅಂದ್ರೆ ಏನು ಅಂತ ಬೇರೆ ಬ್ರಾಂಚಿನ ಗೆಳೆಯರಿಗಾಗಿ ಎರಡು ಮಾತು. ಜೋಯಿಡಾದಿಂದ ಹೊರಟ ರಸ್ತೆ ಕುಂಬಾರವಾಡಕ್ಕೆ ಬಂದು ಕವಲೊಡೆಯತ್ತೆ. ಉಳವಿಗೆ ಹೋಗೋರು ಒಂದು ಕಡೆ, ಅಣಶಿ ಘಾಟ್ ಇಳಿದು ಕಾರವಾರಕ್ಕೆ ಹೋಗೋರು ಇನ್ನೊಂದು ಕಡೆ. ಸ್ಪೀಕರ್ ಒಳಗೂ ಹಾಗೇ. ಆಂಪ್ಲಿಫೈಯರ್‌ನಿಂದ ಬಂದ ಸಿಗ್ನಲ್‌ನಲ್ಲಿ ದಪ್ಪ ಸ್ವರ ದೊಡ್ಡ ವೂಫರ್‌ಗೆ, ಸಣ್ಣ ಸ್ವರ ಪುಟ್ಟ ಟ್ವೀಟರ್‌ಗೆ ಹೋಗಬೇಕು. ದಾರಿ ತೋರಿಸೋದು ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಈ ಮೂರೇ. ಕೆಪಾಸಿಟರ್ ಕಡಿಮೆ ಫ್ರೀಕ್ವೆನ್ಸಿಯನ್ನು ತಡೆಯತ್ತೆ, ಕಾಯಿಲ್ ಹೆಚ್ಚಿನದನ್ನು ತಡೆಯತ್ತೆ, ರೆಸಿಸ್ಟರ್ ಎರಡರ ಜೋರನ್ನು ಸಮ ಮಾಡತ್ತೆ. ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ನಾವು ಹತ್ತು ಮಾರ್ಕಿಗೆ ಬರೆಯೋ ಫಿಲ್ಟರ್ ಇದೇ.

ಲೆಕ್ಕವೂ ಅದೇ. ಒಂದೇ ಕೆಪಾಸಿಟರ್ ಇದ್ದರೆ ಅದರ ಕಟ್‌ಆಫ್ ಫ್ರೀಕ್ವೆನ್ಸಿ ಅಂದ್ರೆ ಒಂದನ್ನು ಎರಡು ಪೈ ಆರ್ ಸಿ ಇಂದ ಭಾಗಿಸಿದ್ದು. ಮಾರುಕಟ್ಟೆಯ ಎಷ್ಟೋ ಅಗ್ಗದ ಟು-ವೇ ಸ್ಪೀಕರ್‌ಗಳಲ್ಲಿ ಟ್ವೀಟರ್ ಬೆನ್ನಿಗೇ ಒಂದು ನಾನ್-ಪೋಲಾರ್ ಎಲೆಕ್ಟ್ರೋಲೈಟಿಕ್ ಅಂಟಿಸಿರ್ತಾರೆ, ಕ್ರಾಸ್‌ಓವರ್ ಅಂದ್ರೆ ಅಷ್ಟೇ. ಅದು 4.7 ಮೈಕ್ರೋಫ್ಯಾರಡ್, ಟ್ವೀಟರ್ 8 ಓಮ್ ಅಂತಿಟ್ಕೊಳ್ಳಿ: ಸುಮಾರು 4,230 ಹರ್ಟ್ಸ್ ಬರತ್ತೆ. ವರ್ಷಗಳು ಕಳೆದು ಅದು ಶೇ. 20ರಷ್ಟು ಕುಗ್ಗಿ 3.76ಕ್ಕೆ ಬಂತು ಅಂದ್ರೆ ಕಟ್‌ಆಫ್ ಸುಮಾರು 5,290 ಹರ್ಟ್ಸ್‌ಗೆ ಏರತ್ತೆ. ನಡುವಿನ ಸಾವಿರ ಹರ್ಟ್ಸ್ ಸಡಿಲವಾಯ್ತು. ಹಾಡಿನಲ್ಲಿ "ಸ", "ಶ", "ಚ" ಎಲ್ಲ ಮಬ್ಬು. ಅಜ್ಜ ಹೇಳೋ "ಮಾತು ಸ್ಪಷ್ಟ ಇಲ್ಲ ಮಾರಾಯ" ಅನ್ನೋ ದೂರು ಎಷ್ಟೋ ಸಲ ಇದೇ ಆಗಿರತ್ತೆ.

ಈ ಜಾಗ ಕಿವಿಗೆ ಬಹಳ ಮುಖ್ಯವಾದ್ದು. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಮನುಷ್ಯನ ಕಿವಿ ಎಲ್ಲ ಫ್ರೀಕ್ವೆನ್ಸಿಗೂ ಒಂದೇ ಥರ ಸ್ಪಂದಿಸಲ್ಲ ಅಂತ ಅಳೆದು ತೋರಿಸಿದರು. ಕಿವಿ ಅತಿ ಸೂಕ್ಷ್ಮವಾಗಿರೋದು ಸರಿಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವೆ. ಹೆಚ್ಚಿನ ಮನೆ ಸ್ಪೀಕರ್‌ಗಳಲ್ಲಿ ವೂಫರ್ ಕೈಬಿಟ್ಟು ಟ್ವೀಟರ್ ಕೈಗೆತ್ತಿಕೊಳ್ಳೋ ಜಾಗವೂ ಅದೇ. ಆದ್ದರಿಂದ ಕ್ರಾಸ್‌ಓವರ್ ಮುಟ್ಟಿದರೆ ವ್ಯತ್ಯಾಸ ಕೇಳತ್ತೆ ಅನ್ನೋದು ಸುಳ್ಳಲ್ಲ. ಆ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

"ಸೌಂಡ್ ಓಪನ್ ಆಯ್ತು" ಅನ್ನೋದರ ಗುಟ್ಟು

ಎಲೆಕ್ಟ್ರೋಲೈಟಿಕ್ ತೆಗೆದು ಪಾಲಿಪ್ರೊಪಿಲೀನ್ ಫಿಲ್ಮ್ ಹಾಕಿದವರು ಸಾಮಾನ್ಯವಾಗಿ ಹೇಳೋ ಮಾತು, "ಸೌಂಡ್ ಓಪನ್ ಆಯ್ತು, ಪರದೆ ಸರಿದ ಹಾಗೆ." ಅವರು ಸುಳ್ಳು ಹೇಳ್ತಿಲ್ಲ. ಆದರೆ ಕಾರಣ ತೀರಾ ಸಾದಾ.

ಪ್ರತಿ ಕೆಪಾಸಿಟರ್ ಒಳಗೂ ಸ್ವಲ್ಪ ರೆಸಿಸ್ಟೆನ್ಸ್ ಅಡಗಿರತ್ತೆ, ಇಎಸ್‌ಆರ್ ಅಂತಾರೆ. ನಾನ್-ಪೋಲಾರ್ ಎಲೆಕ್ಟ್ರೋಲೈಟಿಕ್‌ನ ಲಾಸ್ ಫ್ಯಾಕ್ಟರ್ ಶೇ. 5 ಅಂತ ಹಿಡಿದರೆ, 4.7 ಮೈಕ್ರೋಫ್ಯಾರಡ್‌ಗೆ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಇಎಸ್‌ಆರ್ ಸುಮಾರು 0.4 ಓಮ್. ಪಾಲಿಪ್ರೊಪಿಲೀನ್‌ನಲ್ಲಿ ಅದು ಹತ್ತಿರ ಹತ್ತಿರ ಸೊನ್ನೆ. ಟ್ವೀಟರ್ ಜೊತೆ ಸೀರೀಸ್‌ನಲ್ಲಿದ್ದ 0.4 ಓಮ್ ಮಾಯವಾದರೆ ಟ್ವೀಟರ್ ಜೋರು ಸುಮಾರು 0.4 ಡೆಸಿಬೆಲ್ ಏರತ್ತೆ. ಒಂದೇ ಸ್ವರದಲ್ಲಿ ಇಷ್ಟು ಚಿಕ್ಕ ಏರಿಕೆ ಗೊತ್ತೇ ಆಗದಿರಬಹುದು. ಟ್ವೀಟರ್‌ನ ಪೂರ್ತಿ ಹರವಿನಲ್ಲಿ ಒಟ್ಟಿಗೆ ಏರಿದರೆ ಸೂಕ್ಷ್ಮ ಕಿವಿಗೆ "ಏನೋ ಹೊಳಪು ಬಂತು" ಅನ್ನಿಸಬಹುದು. ಸ್ವಲ್ಪ ಜೋರಾದದ್ದನ್ನು ನಮ್ಮ ಮನಸ್ಸು "ಚೆನ್ನಾಗಿದೆ" ಅಂತ ಓದತ್ತೆ. ಅಂಗಡಿಯವರು ಡೆಮೊ ಕೊಡುವಾಗ ವಾಲ್ಯೂಮ್ ಒಂದು ಗೆರೆ ಏರಿಸೋದು ಸುಮ್ಮನೆ ಅಲ್ಲ.

ಇನ್ನು ಹಳೇ ಕೆಪಾಸಿಟರ್ ಒಣಗಿ ಇಎಸ್‌ಆರ್ 2 ಓಮ್‌ಗೆ ಏರಿದ್ದರೆ? ಆಗ ಟ್ವೀಟರ್ ಸುಮಾರು 2 ಡೆಸಿಬೆಲ್ ಇಳಿದಿರತ್ತೆ. ಇದು ಯಾರಿಗಾದರೂ ಕೇಳೋ ವ್ಯತ್ಯಾಸ. ಅಲ್ಲಿ ಬದಲಾಯಿಸಿದ ಮೇಲೆ ಬರೋ ಸುಖ ನಿಜವಾದದ್ದೇ. ಆದರೆ ಆ ಸುಖ ಬಂದದ್ದು ಕೆಟ್ಟ ಭಾಗದ ಜಾಗಕ್ಕೆ ಸರಿಯಾದ ಭಾಗ ಬಂದಿದ್ದರಿಂದ. ಹೆಸರಿನಿಂದಲ್ಲ, ಬೆಲೆಯಿಂದಲೂ ಅಲ್ಲ. ಇದನ್ನು ರಿಪೇರಿ ಅಂತ ಕರೆದರೆ ಯಾರೂ ಸಾವಿರಾರು ರೂಪಾಯಿ ಕೊಡಲ್ಲ, ಅಪ್‌ಗ್ರೇಡ್ ಅಂದರೆ ಕೊಡ್ತಾರೆ.

ಇನ್ನೊಂದು ತೊಡಕೂ ಇದೆ. ಬುದ್ಧಿವಂತ ಡಿಸೈನರ್ ಆ 0.4 ಓಮ್ ಇರತ್ತೆ ಅಂತ ಗೊತ್ತಿಟ್ಟುಕೊಂಡೇ ಸ್ಪೀಕರ್ ಟ್ಯೂನ್ ಮಾಡಿರ್ತಾನೆ. ಕಾಯಿಲ್‌ಗೂ ಅದೇ ಮಾತು. ತೆಳು ತಂತಿಯ 0.5 ಓಮ್ ಕಾಯಿಲ್ ತೆಗೆದು ದಪ್ಪ ತಂತಿಯ 0.2 ಓಮ್‌ನದು ಹಾಕಿದರೆ, 6 ಓಮ್ ಡಿಸಿ ರೆಸಿಸ್ಟೆನ್ಸ್ ಇರೋ ವೂಫರ್ ಕೂಡ ಸುಮಾರು 0.4 ಡೆಸಿಬೆಲ್ ಜಿಗಿಯತ್ತೆ. ಎರಡು ಡ್ರೈವರ್‌ಗಳ ತೂಕ ಸರಿದೂಗಿಸಿದ ತಕ್ಕಡಿಯಲ್ಲಿ ಒಂದು ತಟ್ಟೆಗೆ ನಾವು ಕಲ್ಲು ಹಾಕಿದ ಹಾಗೆ. ಹ್ಯೂಲೆಟ್-ಪ್ಯಾಕರ್ಡ್‌ನ ಇಂಜಿನಿಯರ್‌ಗಳಾದ ಲಿಂಕ್‌ವಿಟ್ಜ್ ಮತ್ತು ರೈಲಿ ಹೆಸರಿನ ಕ್ರಾಸ್‌ಓವರ್ 1976ರಿಂದ ಪ್ರಸಿದ್ಧ. ಅದರ ಇಡೀ ತತ್ವ ಇಷ್ಟು: ಕವಲಿನ ಜಾಗದಲ್ಲಿ ಎರಡೂ ಡ್ರೈವರ್ 6 ಡೆಸಿಬೆಲ್ ಕೆಳಗಿರಬೇಕು, ಒಂದೇ ಫೇಸ್‌ನಲ್ಲಿ ಕೂಡಬೇಕು, ಆಗ ಮೊತ್ತ ಸಮತಟ್ಟು. ಒಂದು ಕಡೆಯ ಬೆಲೆ ಬದಲಾದರೆ ಮೊತ್ತವೂ ಬದಲಾಗತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮ ಸಾಲ್ಡರಿಂಗ್ ಐರನ್ ಆ ದೊಣ್ಣೆ ಆಗಬಾರದು.

ತಲೆ ಮೇಲೆ ತಿರುಗೋ ಪಾಲಿಪ್ರೊಪಿಲೀನ್

ಹಾಗಾದ್ರೆ ಕೆಟ್ಟ ಕೆಪಾಸಿಟರ್ ಜಾಗಕ್ಕೆ ಏನು ಹಾಕೋಣ? ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗೋದಾದರೆ ಫಿಲ್ಮ್ ಕೆಪಾಸಿಟರ್ ಬೇಕಾದಷ್ಟು ಸಿಗತ್ತೆ. ಆದರೆ ಅಷ್ಟು ದೂರ ಯಾಕೆ, ರೂಮಿನಲ್ಲಿ ತಲೆ ಎತ್ತಿ ನೋಡಿ. ಸೀಲಿಂಗ್ ಫ್ಯಾನ್ ಒಳಗೆ ಕೂತಿರೋ ಚೌಕದ ಡಬ್ಬಿ 2.5 ಅಥವಾ 3.15 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿ, ಶೇ. 5 ಟಾಲರೆನ್ಸ್. ಅದು ಮೆಟಲೈಸ್ಡ್ ಪಾಲಿಪ್ರೊಪಿಲೀನ್. ಹೌದು, ದುಬಾರಿ ಆಡಿಯೋ ಕೆಪಾಸಿಟರ್‌ಗಳಲ್ಲೂ ಸುತ್ತಿರೋದು ಇದೇ ಜಾತಿಯ ಪ್ಲಾಸ್ಟಿಕ್ ಹಾಳೆ. ನಮ್ಮ ಪಕ್ಕದ ಕೇರಳದ ಕಣ್ಣೂರಿನಲ್ಲೇ ಕೆಲ್ಟ್ರಾನ್ ಇಂಥ ಕೆಪಾಸಿಟರ್ ತಯಾರಿಸತ್ತೆ. ಹಳಿಯಾಳ, ದಾಂಡೇಲಿಯ ಯಾವ ಇಲೆಕ್ಟ್ರಿಕಲ್ ಅಂಗಡಿಗೆ ಹೋದರೂ ನೂರು ರೂಪಾಯಿ ಒಳಗೆ ಹೊಸದು ಸಿಗತ್ತೆ.

2.5ರ ಫ್ಯಾನ್ ಕೆಪಾಸಿಟರ್ ಪಕ್ಕ 2.2ರ ಸಾದಾ ಫಿಲ್ಮ್ ಕೆಪಾಸಿಟರ್ ಒಂದನ್ನು ಪ್ಯಾರಲಲ್ ಮಾಡಿ: ಸರಿಯಾಗಿ 4.7. 50 ವಾಟ್ 8 ಓಮ್ ಸ್ಪೀಕರ್‌ಗೆ ಹೋಗೋ ವೋಲ್ಟೇಜ್ 20, ಇದು ತಡೆಯೋದು 440. ಗಾತ್ರ ದೊಡ್ಡದು, ಆದ್ದರಿಂದ ಗೋಡೆಗೆ ಚೆನ್ನಾಗಿ ಅಂಟಿಸಬೇಕು, ಇಲ್ಲಾಂದ್ರೆ ಅದೇ ಗಡಗಡ ಅನ್ನತ್ತೆ. ಕೊಂಡ ತಕ್ಷಣ ಮೀಟರ್‌ನಲ್ಲಿ ಅಳೆಯಿರಿ, ಕೆಲವು ಅಗ್ಗದವು ಬರೆದಷ್ಟು ಇರಲ್ಲ. ಎಲೆಕ್ಟ್ರೋಲೈಟಿಕ್ ಜಾಗಕ್ಕೆ ಹಾಕ್ತಿದ್ದರೆ ಸೀರೀಸ್‌ನಲ್ಲಿ 0.39 ಓಮ್ ರೆಸಿಸ್ಟರ್ ಒಂದು ಸೇರಿಸಿ, ಡಿಸೈನರ್ ಇಟ್ಟ ತೂಕ ಹಾಗೇ ಉಳಿಯತ್ತೆ. ಒಂದು ಎಚ್ಚರಿಕೆ: ಓಡ್ತಿರೋ ಫ್ಯಾನ್‌ನಿಂದ ಕಿತ್ತು ತರಬೇಡಿ. ಅದರಲ್ಲಿ ಚಾರ್ಜ್ ಉಳಿದಿರಬಹುದು, ವಾರ್ಡನ್ ಕೋಪ ಇನ್ನೂ ಹೆಚ್ಚು ಉಳಿದಿರತ್ತೆ.

ಬೆಲೆ ಬದಲಾಯಿಸುವಾಗ ಇನ್ನೊಂದು ಅಪಾಯ. "ದೊಡ್ಡದು ಹಾಕಿದರೆ ಒಳ್ಳೇದಲ್ವಾ" ಅಂತ 4.7 ಜಾಗಕ್ಕೆ 10 ಹಾಕಿದರೆ ಕಟ್‌ಆಫ್ 2 ಕಿಲೋಹರ್ಟ್ಸ್‌ಗೆ ಇಳಿಯತ್ತೆ. ಪಾಪದ ಟ್ವೀಟರ್ ಹೊರಲಾರದ ಭಾರ ಹೊತ್ತು ಒಂದು ಗಣೇಶ ಹಬ್ಬದ ರಾತ್ರಿ ಸುಟ್ಟುಹೋಗತ್ತೆ.

ಬದಲಾಯಿಸೋಕಿಂತ ಸೇರಿಸೋದು

ನಮ್ಮ ಪ್ರಕಾರ ಅಗ್ಗದ ಮನೆ ಸ್ಪೀಕರ್‌ಗಳಲ್ಲಿ ದೊಡ್ಡ ಲಾಭ ಇರೋದು ಇದ್ದ ಭಾಗ ಬದಲಾಯಿಸೋದರಲ್ಲಿ ಅಲ್ಲ. ಇರಬೇಕಾಗಿದ್ದು ಇಲ್ಲದ ಭಾಗ ಸೇರಿಸೋದರಲ್ಲಿ. ವೂಫರ್‌ಗೆ ಕಾಯಿಲ್ಲೇ ಇಲ್ಲದೆ ನೇರ ಆಂಪ್ಲಿಫೈಯರ್‌ಗೆ ಜೋಡಿಸಿದ ಡಬ್ಬಿಗಳು ಎಷ್ಟೋ. ಆ ವೂಫರ್ ತನಗೆ ಸಂಬಂಧವಿಲ್ಲದ ಎತ್ತರದ ಸ್ವರಗಳನ್ನೂ ಒರಟಾಗಿ ಕಿರುಚತ್ತೆ. ಇಂಥದ್ದರಲ್ಲಿ ಟ್ವೀಟರ್‌ಗೆ ಬೆಳ್ಳಿ ಹಾಳೆಯ ಕೆಪಾಸಿಟರ್ ಹಾಕೋದು ಅಂದ್ರೆ ಸೋರೋ ಹೆಂಚಿಗೆ ಬಣ್ಣ ಬಳಿದ ಹಾಗೆ.

ಕಾಯಿಲ್ ಎಲ್ಲಿ ಸಿಗತ್ತೆ? ಊರಿನ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ಪಂಪ್‌ಸೆಟ್ ಮೋಟಾರ್ ಕಟ್ಟೋ ಎನಾಮಲ್ ತಾಮ್ರದ ತಂತಿಯನ್ನು ತೂಕದ ಮೇಲೆ ಕೊಡ್ತಾರೆ. ಒಂದು ಮಿಲಿಮೀಟರ್ ದಪ್ಪದ ತಂತಿ ಸುಮಾರು 110 ಗ್ರಾಂ, ಅಂದ್ರೆ 16 ಮೀಟರ್ ಹತ್ತಿರ, ತೊಗೊಳ್ಳಿ. ಹೊರವ್ಯಾಸ 32 ಮಿಲಿಮೀಟರ್ ಇರೋ ಪಿವಿಸಿ ಪೈಪಿನ ತುಂಡಿನ ಮೇಲೆ, 20 ಮಿಲಿಮೀಟರ್ ಅಗಲದಲ್ಲಿ, ಸಾಲು ಸಾಲಾಗಿ 125 ಸುತ್ತು ಸುತ್ತಿ. ವೀಲರ್ ಸೂತ್ರದ ಪ್ರಕಾರ ಸುಮಾರು 0.5 ಮಿಲಿಹೆನ್ರಿ ಬರತ್ತೆ, ರೆಸಿಸ್ಟೆನ್ಸ್ 0.35 ಓಮ್ ಒಳಗೆ. ಸುತ್ತಿದ್ದು ಸ್ವಲ್ಪ ಸಡಿಲ ಆದರೆ ಬೆಲೆ ಬದಲಾಗತ್ತೆ, ಮೀಟರ್‌ನಲ್ಲಿ ನೋಡಿ ನಾಲ್ಕು ಸುತ್ತು ಸೇರಿಸಿ ಇಲ್ಲವೇ ಬಿಚ್ಚಿ. 8 ಓಮ್ ವೂಫರ್‌ಗೆ ಇದು ಎರಡೂವರೆ ಕಿಲೋಹರ್ಟ್ಸ್ ಹತ್ತಿರ ಕೆಲಸ ಶುರು ಮಾಡತ್ತೆ.

ಇಲ್ಲಿ ಪುಸ್ತಕ ಮತ್ತು ಡಬ್ಬಿ ನಡುವಿನ ಅಂತರ ಕಾಣತ್ತೆ. ಪುಸ್ತಕದಲ್ಲಿ ಲೋಡ್ 8 ಓಮ್ ರೆಸಿಸ್ಟರ್. ನಿಜದ ವೂಫರ್‌ಗೆ ತನ್ನದೇ ವಾಯ್ಸ್ ಕಾಯಿಲ್ ಇಂಡಕ್ಟೆನ್ಸ್ ಇದೆ, ಫ್ರೀಕ್ವೆನ್ಸಿ ಏರಿದ ಹಾಗೆ ಇಂಪೀಡೆನ್ಸ್ ಏರತ್ತೆ, ನಾವು ಹಾಕಿದ ಕಾಯಿಲ್‌ಗೆ ಬೆಲೆಯೇ ಇಲ್ಲದ ಹಾಗಾಗತ್ತೆ. ಅದಕ್ಕೆ ವೂಫರ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕ್ತಾರೆ, ಜೋಬೆಲ್ ಅಂತ ಹೆಸರು. ವೂಫರ್ ಡಿಸಿ ರೆಸಿಸ್ಟೆನ್ಸ್ 6 ಓಮ್, ಇಂಡಕ್ಟೆನ್ಸ್ 0.5 ಮಿಲಿಹೆನ್ರಿ ಇದ್ದರೆ 7.5 ಓಮ್ ಮತ್ತು 9 ಮೈಕ್ರೋಫ್ಯಾರಡ್ ಹತ್ತಿರದ್ದು ಸಾಕು. ಇಷ್ಟು ಮಾಡಿದ ಮೇಲೆ ಬರೋ ಬದಲಾವಣೆಯನ್ನು ಗ್ರಾಫಿನಲ್ಲೇ ಬೆರಳಿಟ್ಟು ತೋರಿಸಬಹುದು.

ಇಂಪೀಡೆನ್ಸ್ ಅಳೆಯೋಕೆ ವಿಶೇಷ ಯಂತ್ರ ಬೇಡ. ಲ್ಯಾಬಿನ ಫಂಕ್ಷನ್ ಜನರೇಟರ್, ಸೀರೀಸ್‌ನಲ್ಲಿ 100 ಓಮ್ ರೆಸಿಸ್ಟರ್, ಆಮೇಲೆ ಸ್ಪೀಕರ್. ಸ್ಪೀಕರ್ ಮೇಲಿನ ವೋಲ್ಟೇಜನ್ನು ರೆಸಿಸ್ಟರ್ ಮೇಲಿನ ವೋಲ್ಟೇಜಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆ ಫ್ರೀಕ್ವೆನ್ಸಿಯ ಇಂಪೀಡೆನ್ಸ್. ಇಪ್ಪತ್ತು ಹರ್ಟ್ಸ್‌ನಿಂದ ಇಪ್ಪತ್ತು ಕಿಲೋಹರ್ಟ್ಸ್‌ವರೆಗೆ ಮೂವತ್ತು ಬಿಂದು ತೆಗೆದು ಗ್ರಾಫ್ ಹಾಕಿ. ಕ್ರಾಸ್‌ಓವರ್ ಸಿಮ್ಯುಲೇಷನ್‌ಗೆ ವಿಟುಯಿಕ್ಸ್‌ಕ್ಯಾಡ್, ರೂಮಿನಲ್ಲಿ ಅಳೆಯೋಕೆ ರೂಮ್ ಇಕ್ಯೂ ವಿಝಾರ್ಡ್, ಎರಡೂ ಪುಕ್ಕಟೆ ಸಿಗೋ ಸಾಫ್ಟ್‌ವೇರ್.

ಕಾಡಿನ ಮಳೆ ಮತ್ತು ಡಬ್ಬಿ

ನಮ್ಮ ಕಡೆಯ ಹವೆಯ ಲೆಕ್ಕವನ್ನು ಯಾವ ವಿದೇಶಿ ಅಪ್‌ಗ್ರೇಡ್ ಗೈಡೂ ಹೇಳಲ್ಲ. ಜೋಯಿಡಾ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಗೋಡೆ ಒಣಗಲ್ಲ. ಆ ಶೀತದಲ್ಲಿ ಮೊದಲು ಸಾಯೋದು ಕೆಪಾಸಿಟರ್ ಅಲ್ಲ. ವೂಫರ್ ಸುತ್ತಲಿನ ಫೋಮ್ ಅಂಚು ಪುಡಿಪುಡಿ ಆಗತ್ತೆ, ಪಾಲಿಯುರೆಥೇನ್ ಫೋಮ್‌ಗೂ ತೇವಕ್ಕೂ ಆಗಿಬರಲ್ಲ. ಹಿಂದಿನ ಸ್ಪ್ರಿಂಗ್ ಟರ್ಮಿನಲ್ ತುಕ್ಕು ಹಿಡಿಯತ್ತೆ. ಸಾಲ್ಡರ್ ಜಾಯಿಂಟ್ ಸಡಿಲ ಆಗತ್ತೆ. ಪ್ಲೈವುಡ್ ಉಬ್ಬಿ ಡಬ್ಬಿಯಲ್ಲಿ ಬಿರುಕು ಬಿಟ್ಟು ಗಾಳಿ ಸೋರತ್ತೆ. ಕಾಗದದ ಕೋನ್ ಬೂಸ್ಟು ಹಿಡಿಯತ್ತೆ, ಕಾಗದಕ್ಕೆ ನೀರು ಏನು ಮಾಡತ್ತೆ ಅಂತ ದಾಂಡೇಲಿ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಬಾಸ್ ಪೋರ್ಟ್ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರೋದೂ ಉಂಟು.

ಆದ್ದರಿಂದ ಊರಿನ ಡಬ್ಬಿ ಎದುರಿಗೆ ಕೂತಾಗ ನಮ್ಮ ಕ್ರಮ ಹೀಗಿರಲಿ. ಮೊದಲು ಕಣ್ಣು: ಫೋಮ್, ತುಕ್ಕು, ಬಿರುಕು, ಗೂಡು. ಎರಡನೇದು ಮಲ್ಟಿಮೀಟರ್: 8 ಓಮ್ ಅಂತ ಬರೆದ ಡ್ರೈವರ್ ಡಿಸಿ ಯಲ್ಲಿ 6 ಓಮ್ ಆಸುಪಾಸು ತೋರಿಸಿದರೆ ವಾಯ್ಸ್ ಕಾಯಿಲ್ ಜೀವಂತ. ಮೂರನೇದು ಪೋಲಾರಿಟಿ: ಒಂದೂವರೆ ವೋಲ್ಟಿನ ಪೆನ್ ಸೆಲ್ ಕ್ಷಣ ಮಾತ್ರ ತಾಗಿಸಿದಾಗ ವೂಫರ್ ಕೋನ್ ಹೊರಗೆ ಜಿಗಿದರೆ ಸೆಲ್‌ನ ಪ್ಲಸ್ ಮುಟ್ಟಿದ್ದೇ ಸ್ಪೀಕರ್‌ನ ಪ್ಲಸ್. ಟ್ವೀಟರ್‌ಗೆ ಈ ಪರೀಕ್ಷೆ ಬೇಡ. ಎರಡು ಡಬ್ಬಿಯಲ್ಲಿ ಒಂದಕ್ಕೆ ವೈರ್ ಉಲ್ಟಾ ಇದ್ದರೆ ಬಾಸ್ ಅರ್ಧ ಮಾಯ, ಅದನ್ನು ಯಾವ ಕೆಪಾಸಿಟರೂ ತರಲ್ಲ. ಬಿಚ್ಚೋ ಮುಂಚೆ ಫೋಟೋ ತೆಗೆದು ವೈರ್‌ಗೆ ಗುರುತು ಹಾಕಿ, ಕೆಲವು ಡಿಸೈನ್‌ನಲ್ಲಿ ಟ್ವೀಟರನ್ನು ಬೇಕಂತಲೇ ಉಲ್ಟಾ ಜೋಡಿಸಿರ್ತಾರೆ. ನಾಲ್ಕನೇದು ಎಲ್‌ಸಿಆರ್ ಮೀಟರ್: ಕೆಪಾಸಿಟರ್ ಬೆಲೆ ಶೇ. 10ಕ್ಕಿಂತ ಹೆಚ್ಚು ಜಾರಿದ್ದರೆ ಅಥವಾ ಇಎಸ್‌ಆರ್ ಏರಿದ್ದರೆ ಮಾತ್ರ ತೆಗೆಯಿರಿ. ಎರಡೂ ಡಬ್ಬಿಯಲ್ಲಿ ಒಟ್ಟಿಗೆ ತೆಗೆಯಿರಿ, ಎಡ ಬಲ ಸಮ ಇರಬೇಕು.

ಏನು ಕೇಳ್ತಾರೆ ಅನ್ನೋದನ್ನೂ ಕೇಳಿ. ಅಜ್ಜ ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳೋರಾದರೆ, ಆ ಪ್ರಸಾರದಲ್ಲಿ ಬರೋ ಸ್ವರದ ಮಿತಿಯೇ ಸುಮಾರು 5 ಕಿಲೋಹರ್ಟ್ಸ್. 5,290 ಹರ್ಟ್ಸ್‌ನಲ್ಲಿ ಶುರುವಾಗೋ ಟ್ವೀಟರ್‌ಗೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ, ಎಷ್ಟು ದುಬಾರಿ ಕೆಪಾಸಿಟರ್ ಹಾಕಿದರೂ ಅಷ್ಟೇ. ರೂಮಿನ ಲೆಕ್ಕವೂ ಇದೆ. ಹೆಂಚಿನ ಮನೆ, ಮಣ್ಣಿನ ಗೋಡೆ, ಮೂಲೆಯಲ್ಲಿ ಭತ್ತದ ಚೀಲ ಇರೋ ಕೋಣೆಯಲ್ಲಿ ಚೆಂದ ಕೇಳೋ ಸ್ಪೀಕರ್ ನಮ್ಮ ಹಾಸ್ಟೆಲ್‌ನ ಬರಿ ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಗುಂಯ್ ಅನ್ನತ್ತೆ. ಮೂರು ಮೀಟರ್ ಉದ್ದದ ರೂಮಿಗೆ 57 ಹರ್ಟ್ಸ್ ಹತ್ತಿರ ಅನುರಣನ ಇದ್ದೇ ಇರತ್ತೆ. ಡಬ್ಬಿಯನ್ನು ಮೂಲೆಯಿಂದ ಎರಡಡಿ ಈಚೆ ಎಳೆಯೋಕೆ ಕಾಸು ಖರ್ಚಿಲ್ಲ.

ಕಣ್ಣು ಮುಚ್ಚಿ ಕೇಳಿ

"ನಿಮ್ಮ ಲೆಕ್ಕ ಇರಲಿ, ನನ್ನ ಕಿವಿ ಹೇಳತ್ತೆ" ಅನ್ನೋರಿಗೆ ನಮ್ಮ ಉತ್ತರ: ಕಿವಿಯನ್ನೇ ನಂಬೋಣ, ಆದರೆ ಕಿವಿಯನ್ನು ಮಾತ್ರ. ಮೇಲೆ ಹೇಳಿದ ಮನ್ಸನ್ ಅವರೇ 1950ರಲ್ಲಿ ಗಾರ್ಡನರ್ ಜೊತೆ ಎಬಿಎಕ್ಸ್ ಅನ್ನೋ ಪರೀಕ್ಷೆಯನ್ನು ಮುಂದಿಟ್ಟರು. ಎ, ಬಿ ಎರಡನ್ನೂ ಕೇಳಿಸಿ, ಆಮೇಲೆ ಎಕ್ಸ್ ಕೇಳಿಸಿ, ಅದು ಯಾವುದು ಅಂತ ಹೇಳಬೇಕು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅದೇ ಸ್ಪೀಕರ್‌ಗಳನ್ನು ಪರದೆ ಹಿಂದಿಟ್ಟೂ ಕಣ್ಣೆದುರಿಗಿಟ್ಟೂ ಕೇಳಿಸಿದಾಗ ಜನ ಕೊಟ್ಟ ಅಂಕಗಳೇ ಬದಲಾದವು. ಕಣ್ಣು ಕಂಡದ್ದು ಕಿವಿಯ ತೀರ್ಪನ್ನು ತಿದ್ದಿತ್ತು.

ಇದನ್ನು ನಾವೂ ಮಾಡಬಹುದು. ಡಬ್ಬಿಯ ಹಿಂದೆ ಒಂದು ಟಾಗಲ್ ಸ್ವಿಚ್ ಹಾಕಿ: ಒಂದು ಕಡೆ ಹೊಸ ಎಲೆಕ್ಟ್ರೋಲೈಟಿಕ್, ಇನ್ನೊಂದು ಕಡೆ ಅದೇ ಬೆಲೆಯ ಫಿಲ್ಮ್ ಮತ್ತು ಆ 0.39 ಓಮ್. ಎರಡನ್ನೂ ಅಳೆದು ಸರಿದೂಗಿಸಿ. ಗೆಳೆಯನೊಬ್ಬ ನಾಣ್ಯ ಚಿಮ್ಮಿ ಸ್ವಿಚ್ ಒತ್ತಲಿ, ಕೇಳೋರಿಗೆ ಅವನ ಕೈಯೂ ಮುಖವೂ ಕಾಣಬಾರದು. 16 ಸಲ. ಸುಮ್ಮನೆ ಊಹಿಸಿ 12 ಅಥವಾ ಹೆಚ್ಚು ಸರಿ ಬರೋ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. 12 ದಾಟಿದರೆ ನಿಮಗೆ ವ್ಯತ್ಯಾಸ ಕೇಳಿದೆ ಅಂತ ನಾವು ಒಪ್ಕೋತೀವಿ, ಇಲ್ಲೇ ಬರೆದು ಪ್ರಕಟಿಸ್ತೀವಿ. ಕೇಳೋಕೆ ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆ ಒಂದು ಇರಲಿ. ಆ ತುಂಬು ಕಂಠ ವೂಫರ್‌ನಲ್ಲಿ, ತಂಬೂರಿಯ ಜೀವಾಳಿ ಮೇಲೆ ಟ್ವೀಟರ್‌ನಲ್ಲಿ. ಎರಡೂ ಒಂದೇ ಕಡೆಯಿಂದ ಬಂದ ಹಾಗೆ ಕೇಳಿದರೆ ಕ್ರಾಸ್‌ಓವರ್ ಪಾಸ್.

ಎದುರು ವಾದವನ್ನೂ ನ್ಯಾಯವಾಗಿ ಹೇಳಬೇಕು. ಎಲ್ಲ ಕೆಪಾಸಿಟರ್ ಒಂದೇ ಅಲ್ಲ. ಸಿರಿಲ್ ಬೇಟ್‌ಮನ್ 2002-03ರಲ್ಲಿ "ಎಲೆಕ್ಟ್ರಾನಿಕ್ಸ್ ವರ್ಲ್ಡ್" ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಬೇರೆ ಬೇರೆ ಜಾತಿಯ ಕೆಪಾಸಿಟರ್‌ಗಳ ಡಿಸ್ಟಾರ್ಷನ್ ಅಳೆದು ತೋರಿಸಿದ್ದಾರೆ, ವ್ಯತ್ಯಾಸ ಇದೆ. ಎಲೆಕ್ಟ್ರೋಲೈಟಿಕ್‌ಗಿಂತ ಪಾಲಿಪ್ರೊಪಿಲೀನ್ ಮೇಲು, ಬಾಳಿಕೆಯಲ್ಲೂ ಮೇಲು. ನಾವು ಅಲ್ಲಗಳೆಯೋದು ಅದನ್ನಲ್ಲ. ಸಾಮಾನ್ಯ ಪಾಲಿಪ್ರೊಪಿಲೀನ್‌ನಿಂದ ದುಬಾರಿ ಪಾಲಿಪ್ರೊಪಿಲೀನ್‌ಗೆ ಹೋಗೋ ಮೆಟ್ಟಿಲಿಗೆ ಕೊಡೋ ದುಡ್ಡು ಮಾತ್ರ ನಮಗೆ ಅರ್ಥವಾಗಲ್ಲ. ಜೋರಾಗಿ ಬಾರಿಸಿದಾಗ ಅಗ್ಗದ ವೂಫರ್ ತಾನೇ ಶೇ. 1ರ ಆಸುಪಾಸು ಡಿಸ್ಟಾರ್ಷನ್ ಸೇರಿಸ್ತಿರುವಾಗ ಆ ಕೊನೆಯ ಸೊನ್ನೆಗಳನ್ನು ಯಾರು ಕೇಳ್ತಾರೆ? ದುಡಿದ ದುಡ್ಡು, ಹವ್ಯಾಸದ ಖುಷಿ ಅಂದರೆ ಹಾಕ್ಕೊಳ್ಳಲಿ ಬಿಡಿ. ಮೆಸ್ ಬಿಲ್ ಉಳಿಸಿ ತರಿಸೋ ಜೂನಿಯರ್‌ಗೆ ಮಾತ್ರ "ಮೊದಲು ಇದನ್ನೇ ಹಾಕು" ಅನ್ನಬೇಡಿ.

ನಾವು ಕೇಳೋದು ಇಷ್ಟು

ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ರಿಪೇರಿ ಗ್ರಾಹಕರ ಹಕ್ಕು ಅನ್ನೋದು ಒಳ್ಳೆ ಮಾತು. ಆದರೆ ಕುಂಬಾರವಾಡದಲ್ಲಿ ಆ ಹಕ್ಕನ್ನು ಚಲಾಯಿಸೋಕೆ ರಿಪೇರಿ ಗೊತ್ತಿರೋರು ಬೇಕಲ್ಲ? ಫಿಲ್ಟರ್ ಥಿಯರಿ ಓದಿದ ನಾವೇ ಡಬ್ಬಿ ಬಿಚ್ಚಲ್ಲ ಅಂದ್ರೆ ಇನ್ಯಾರು ಬಿಚ್ತಾರೆ?

ನಮ್ಮ ಬೇಡಿಕೆ ಮೂರು. ಒಂದು, ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಇಲೆಕ್ಟ್ರಾನಿಕ್ಸ್ ಲ್ಯಾಬನ್ನು ಹಳೇ ಸ್ಪೀಕರ್‌ಗಳಿಗೆ ತೆರೆದಿಡಿ. ಮೀಟರ್, ಜನರೇಟರ್, ಸಾಲ್ಡರಿಂಗ್ ಸ್ಟೇಷನ್ ಎಲ್ಲ ಅಲ್ಲಿದೆ, ಪರೀಕ್ಷೆ ಬಂದಾಗ ಮಾತ್ರ ಎಚ್ಚರ ಆಗತ್ತೆ. ಎರಡು, ದಸರಾ, ದೀಪಾವಳಿ ರಜೆಗೆ ಮುಂಚೆ ರಿಜಿಸ್ಟರ್‌ನಲ್ಲಿ ಸಹಿ ಮಾಡಿಸ್ಕೊಂಡು ಮಲ್ಟಿಮೀಟರ್, ಎಲ್‌ಸಿಆರ್ ಮೀಟರ್ ಊರಿಗೆ ಕೊಂಡೊಯ್ಯೋಕೆ ಕೊಡಿ. ಮೂರು, ಕನ್ನಡ ಸಂಘದ ಕೆಲಸ ಇದು: ಬಿಚ್ಚಿದ ಪ್ರತಿ ಡಬ್ಬಿಗೂ ಒಂದು ಪುಟದ ಟಿಪ್ಪಣಿ ಕನ್ನಡದಲ್ಲಿ ಬರೆಯೋಣ. ಏನು ಕೆಟ್ಟಿತ್ತು, ಏನು ಅಳೆದೆವು, ಏನು ಹಾಕಿದೆವು, ಎಷ್ಟು ಖರ್ಚಾಯ್ತು, ಆಮೇಲೆ ಗ್ರಾಫ್ ಹೇಗಾಯ್ತು. ಮೋಟಾರ್ ವೈಂಡಿಂಗ್ ಮಾಡೋರಿಗೆ ಕಾಯಿಲ್ ಬಗ್ಗೆ ನಮಗಿಂತ ಹೆಚ್ಚು ಗೊತ್ತು. ಅವರ ಹತ್ತಿರ ಕೂತು ಕೇಳಿ ಬರೆದುಕೊಂಡರೆ ಅದೂ ಒಂದು ಪಾಠ. ಊರಿನಲ್ಲಿ ಸೌಂಡ್ ಸಿಸ್ಟಮ್ ನಡೆಸೋ ಹುಡುಗರು ಓದಿ ತಾವೇ ಮಾಡೋ ಹಾಗೆ ಆ ಟಿಪ್ಪಣಿ ಇರಬೇಕು. ಈ ವಿದ್ಯೆ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ, ಕನ್ನಡದಲ್ಲಿ ಹುಡುಕೋದೇ ಕಷ್ಟ.

ಮುಂದಿನ ಸಲ ಊರಿಂದ ಬರುವಾಗ ಮನೆಯ ಮೂಲೆಯಲ್ಲಿ ಸುಮ್ಮನೆ ಕೂತ ಡಬ್ಬಿಯನ್ನು ಬಸ್ಸಿಗೆ ಹಾಕ್ಕೊಂಡು ಬನ್ನಿ. ಜೋಡಿ ಇದ್ದರೆ ಎರಡನ್ನೂ ತನ್ನಿ. ಕೆಪಾಸಿಟರ್ ಆಮೇಲೆ ತಂದರಾಯ್ತು, ಮೊದಲು ಅಳೆದು ನೋಡೋಣ.